ಮೂರನೇ ಗುಂಡಿಯ ಕೆಂಪು ದಾರ

ಮೊನ್ನೆ ಬೆಳಿಗ್ಗೆ ನನ್ನ ಅಂಗಿಯ ಕಿತ್ತುಹೋದ ಗುಂಡಿಯನ್ನು ಹೊಲಿಯಲೆಂದು ಮಡದಿಯು ದಾರದ ಡಬ್ಬಿ ತೆರೆದಳು. ಬಿಳಿ ದಾರ ಮುಗಿದಿತ್ತು. ಅವಳ ಕೈಗೆ ಬಂದದ್ದು ಕೆಂಪು. ನಾನು ಎದ್ದು, ಅಂಗಿಯಿಲ್ಲದೆಯೇ, ಅಂಗಳದ ತುದಿಯವರೆಗೆ ಹೋಗಿ ನಿಂತುಬಿಟ್ಟೆ. ಸದರಿ ವರ್ತನೆಗೆ ಕಾರಣವನ್ನು ಓದುಗರಾದ ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿ, ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತಿದ್ದೇನೆ. ನಿವೇದನೆಯು ಉದ್ದವಾದಲ್ಲಿ ಕ್ಷಮೆ ಇರಲಿ. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ನಾನು ನಂದೊಳ್ಳಿಯವನು. ಯಲ್ಲಾಪುರದ ಕಚೇರಿಯೊಂದರ ಎದುರು, ತಗಡಿನ ಮಾಡಿನ ಕೆಳಗೆ ಮೇಜು ಹಾಕಿಕೊಂಡು, ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಇಂಥವನು ಒಂದು ಕಾದಂಬರಿ ಬರೆದೆನೆಂದರೆ ತಾವು ನಗಬಹುದು. ಅದೂ ಕೊಲೆಯ ಕಾದಂಬರಿ.

ಸ್ಫೂರ್ತಿ ಎಲ್ಲಿಂದ ಬಂತೆಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಉತ್ತರ. ಹೆಗ್ಗರಣೆಯಲ್ಲಿರುವ ನಾದಿನಿಯ ಮನೆಗೆ ಹೋದವರು ಉಂಚಳ್ಳಿ ಜಲಪಾತಕ್ಕೆ ಹೋಗಿದ್ದೆವು. ಎಲ್ಲರೂ ಫೋಟೊ ತೆಗೆಯುವಾಗ ನಾನು ಕಂಬಿ ಹಿಡಿದು ಕಣಿವೆಯನ್ನು ನೋಡಿದೆ. ಇಲ್ಲಿಂದ ಒಬ್ಬನನ್ನು ಯಾರಾದರೂ ದೂಡಿದರೆ ಸ್ಥಳದ ಚಕ್ಕುಬಂದಿಯನ್ನು ಬರೆಯುವುದು ಹೇಗೆ? ಪೂರ್ವಕ್ಕೆ ಬಂಡೆ, ಪಶ್ಚಿಮಕ್ಕೆ ನೀರು, ಉತ್ತರಕ್ಕೂ ನೀರು, ದಕ್ಷಿಣಕ್ಕೆ ಏನು? ಮನೆಗೆ ಬಂದ ಮೇಲೂ ಆ ದಕ್ಷಿಣ ನನ್ನನ್ನು ಬಿಡಲಿಲ್ಲ.

ಬರೆಯುವ ಕ್ರಮವೂ ನನ್ನ ಕಸುಬಿನದೇ. ಪ್ರತಿ ಅಧ್ಯಾಯದ ತಲೆಗೆ ‘ವಿಷಯ’ ಎಂದೂ ಅದರ ಕೆಳಗೆ ‘ಉಲ್ಲೇಖ’ ಎಂದೂ ಹಾಕದೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಮುಗಿದ ಮೇಲೆ ಅವೆರಡನ್ನೂ ಅಳಿಸುತ್ತಿದ್ದೆ. ಕೊಲೆಗಾರನು ಮೊದಲ ಬಾರಿ ಬೆದರಿಕೆ ಹಾಕುವ ಪುಟವನ್ನು ಮಡದಿಗೆ ಓದಿ ಹೇಳಿದೆ. ‘ಈ ಮೂಲಕ ನಿನಗೆ ತಿಳಿಯಪಡಿಸುವುದೇನೆಂದರೆ’ ಎಂದೇ ಅವನ ಮಾತು ಆರಂಭವಾಗುತ್ತಿತ್ತು.

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ನಿಂಗ್ಳ ಕೊಲೆಗಾರ ಎಂತ, ಅರ್ಜಿ ಕೊಟ್ಟು ಪರವಾನ್ಗಿ ತಗಂಡು ಕೊಲ್ತ್ನ?” ಎಂದಳು.

ನಾನು ಆ ಸಾಲನ್ನು ಹೊಡೆದುಹಾಕಿದೆ. ಪ್ರಕಾಶಕರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲವಾಗಿ ಶಿರಸಿಯ ಮುದ್ರಣಾಲಯವೊಂದರಲ್ಲಿ ನಾನೇ ಅಚ್ಚು ಹಾಕಿಸಿದೆ. ಕರಡು ತಿದ್ದಿದ್ದು ಬಹುಪಾಲು ಬಸ್ಸಿನಲ್ಲಿ. ಪಕ್ಕದ ಸೀಟಿನವರು ಇಣುಕಿದರೆ ಶವ ಸಿಗುವ ಪುಟವನ್ನು ಅಂಗೈಯಿಂದ ಮುಚ್ಚುತ್ತಿದ್ದೆ.

ಕಾದಂಬರಿಯಲ್ಲಿ ಸಾಯುವವನು ವಾಮನನೆಂಬ ಲಾರಿ ಚಾಲಕ. ಕಣಿವೆಯಲ್ಲಿ ಸಿಕ್ಕ ದೇಹಕ್ಕೆ ಗುರುತು ಹತ್ತುವುದು ಅಂಗಿಯ ಮೂರನೇ ಗುಂಡಿಯಿಂದ. ಬೇರೆ ಗುಂಡಿಗಳಿಗೆ ಬಿಳಿ ದಾರ, ಅದೊಂದಕ್ಕೆ ಕೆಂಪು. ಸಿದ್ದಾಪುರದ ನಿವೃತ್ತ ಮಾಸ್ತರರೊಬ್ಬರು ಫೋನು ಮಾಡಿ, “ಆ ಗುಂಡಿ ಓದಿ ಮೈ ಜುಂ ಅಂತು ಮಾರಾಯ್ರೆ! ಎಲ್ಲಿಂದ ಹೊಳೀತು?” ಎಂದರು. “ಹಾಗೇ ಹೊಳೆಯಿತು” ಎಂದೆ, ವಿನಯದಿಂದ. ಸುಳ್ಳು ಹೇಳುತ್ತಿರುವೆನೆಂಬ ಅರಿವು ನನಗೆ ಲವಲೇಶವೂ ಇರಲಿಲ್ಲ.

ಹೀಗಿರುವಲ್ಲಿ ಒಂದು ಮಧ್ಯಾಹ್ನ ಜುಲೇಖಾಬಿ ನನ್ನ ಮೇಜಿನೆದುರು ಬಂದು ಕೂತರು. ಯಲ್ಲಾಪುರದವರೇ. ಗಂಡ ಇಸ್ಮಾಯಿಲ್ ಲಾರಿ ಓಡಿಸುತ್ತಿದ್ದ. ಹನ್ನೊಂದು ವರ್ಷಗಳ ಹಿಂದೆ ಆತನ ಲಾರಿ ಅರಬೈಲು ಘಟ್ಟದ ತಿರುವಿನಲ್ಲಿ ನಿಂತದ್ದು ಸಿಕ್ಕಿತು, ಆತ ಸಿಗಲಿಲ್ಲ. ಅಂದಿನಿಂದ ಪ್ರತಿ ವರ್ಷವೂ, ಗಂಡನನ್ನು ಹುಡುಕಿಕೊಡಬೇಕೆಂಬ ಅರ್ಜಿಯನ್ನು ಆಕೆ ನನ್ನಿಂದಲೇ ಬರೆಸುತ್ತಿದ್ದರು. ಅಂದು ಮಗಳು ಸಮೀನಾಳೂ ಜೊತೆಗಿದ್ದಳು. ಅವಳ ಕೈಯಲ್ಲಿ ನನ್ನ ಪುಸ್ತಕ. ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆ. ಹಸ್ತಾಕ್ಷರಕ್ಕೆಂದು ಪೆನ್ನನ್ನೂ ತೆಗೆದಿದ್ದೆ.

“ಈ ಸಲ ಆ ಅರ್ಜಿ ಬ್ಯಾಡ್ರಿ,” ಎಂದರು ಜುಲೇಖಾಬಿ. “ತೀರಿಹೋದ್ರು ಅಂತ ಕೋರ್ಟಿಗೆ ಬರೀರಿ. ಮನೆ ಕಾಗದ ಅವರ ಹೆಸರಲ್ಲೇ ಅದೆ, ಬರೆಸು ಬರೆಸು ಅಂತ ಭಾವ ಎಷ್ಟು ವರ್ಷದಿಂದ ಬೆನ್ನು ಹತ್ತಿದ್ರು. ನಾನೇ ಒಪ್ಪಿರ್ಲಿಲ್ಲ.”

“ಏನಾದರೂ ಸುದ್ದಿ ಬಂತೇ?”

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. “ನೀವೇ ಬರ್ದೀರಲ್ರಿ! ಇವಳು ಓದಿ ಹೇಳಿದ್ಲು. ಆ ಗುಂಡಿ ಹೊಲ್ದಾಕೆ ನಾನು. ಬಿಳಿ ದಾರ ಇರ್ಲಿಲ್ಲ, ಅವರು ಲಾರಿ ಹತ್ತಿ ಹಾರ್ನ್ ಹಾಕ್ತಿದ್ರು, ಕೈಗೆ ಸಿಕ್ಕಿದ್ದರಲ್ಲಿ ಹೊಲ್ದೆ. ನೀವು ನೋಡಿದ್ರಾ ಅವರನ್ನ? ಯಾರಾದ್ರೂ ನೋಡ್ದವ್ರು ಹೇಳಿದ್ರಾ?”

ಪೆನ್ನನ್ನು ಮೇಜಿನ ಮೇಲಿಟ್ಟೆ. ಕಂಪ್ಯೂಟರಿನಲ್ಲಿ ಆಕೆಯ ಹಳೆಯ ಅರ್ಜಿಯನ್ನು ತೆರೆದೆ. ‘ಧರಿಸಿದ್ದ ಉಡುಪು: ತಿಳಿ ನೀಲಿ ಅಂಗಿ, ಮೂರನೇ ಗುಂಡಿಗೆ ಕೆಂಪು ದಾರ.’ ಹನ್ನೊಂದು ವರ್ಷಗಳ ಹಿಂದೆ ಆಕೆ ಹೇಳಿ ಮರೆತದ್ದು, ನಾನೇ ಬರೆದದ್ದು. ವರ್ಷಕ್ಕೊಮ್ಮೆ ತೆರೆದು, ದಿನಾಂಕ ತಿದ್ದಿ, ಉಳಿದದ್ದನ್ನು ಓದದೆ ಮುದ್ರಿಸಿ ಕೊಟ್ಟದ್ದು. ಕಣ್ಣು ಓದದಿದ್ದರೂ ಒಳಗೆ ಇನ್ಯಾವುದೋ ಓದಿಟ್ಟುಕೊಂಡು, ಕಲ್ಪನೆಯೆಂದು ಸುಳ್ಳು ಹೆಸರು ಹೇಳಿ ನನ್ನ ಕೈಗೆ ಕೊಟ್ಟಿತ್ತು.

ನಿಜ ಹೇಳುತ್ತೇನೆ, ಸುಮ್ಮನಿದ್ದುಬಿಡೋಣವೆಂದೂ ಒಂದು ಕ್ಷಣ ಅನ್ನಿಸಿತು. ಮೌನವಾಗಿ ಆ ಹೊಸ ಅರ್ಜಿ ಬರೆದಿದ್ದರೆ ಒಂದು ಸಂಸಾರಕ್ಕೆ ಕಾಯುವುದು ತಪ್ಪುತ್ತಿತ್ತು. ಆದರೆ ಆತ ಬದುಕಿದ್ದರೆ?

“ನನಗೆ ಏನೂ ಗೊತ್ತಿಲ್ಲ, ಜುಲೇಖಾಬಿ. ನಾನು ಯಾರನ್ನೂ ನೋಡಿಲ್ಲ. ಗುಂಡಿ ನಿಮ್ಮ ಅರ್ಜಿಯಿಂದ ಬಂದದ್ದು. ಉಳಿದದ್ದು ಕಲ್ಪನೆ.”

“ಅಂದ್ರೆ ಸುಳ್ಳಾ?”

“ಸುಳ್ಳೆಂದರೆ... ಕಥೆಗೆ ಬೇಕಿತ್ತು.”

“ಕಥೆಗೆ ಬೇಕಿತ್ತಾ!” ಆಕೆಯ ಧ್ವನಿಗೆ ಪಕ್ಕದ ಝೆರಾಕ್ಸ್ ಅಂಗಡಿಯವನು ಹೊರಗೆ ಬಂದ. “ಮೂರು ದಿನ ನಮ್ಮನೇಲಿ ಒಲೆ ಹಚ್ಚಿಲ್ಲ. ಓಣಿಯವರು ಊಟ ತಂದು ಕೊಟ್ಟರು, ಸಾವಿನ ಮನೆಗೆ ತರೋ ಹಂಗೆ. ರೇಷನ್ ಕಾರ್ಡು, ಇವಳ ಸ್ಕೂಲಿಂದು, ನೀವು ಬರ್ದಿದ್ದು ಒಂದೂ ಇವತ್ತಿನ ತನಕ ಸುಳ್ಳಾಗಿರ್ಲಿಲ್ಲ. ಅದ್ಕೇ ನಂಬಿದ್ದು ನಾನು!”

ಇಷ್ಟು ದೊಡ್ಡ ಪ್ರಶಂಸೆಯನ್ನು ಇಂಥ ಶಿಕ್ಷೆಯಾಗಿ ಇನ್ನಾವ ಬರಹಗಾರನೂ ಪಡೆದಿರಲಾರ. ನಾನು ಕೈ ಮುಗಿದೆ.

ಸಮೀನಾ ತಾಯಿಯ ಹೆಗಲು ಮುಟ್ಟಿ, “ಅಮ್ಮೀ, ಹಂಗಾದ್ರೆ ಅಬ್ಬಾ ಸತ್ತಿಲ್ಲ,” ಎಂದಳು.

“ಸತ್ತಿಲ್ಲ ಅಂತಲೂ ಇವರಿಗೆ ಗೊತ್ತಿಲ್ಲಲ್ಲೇ,” ಎಂದರು ಆಕೆ. ಸೆರಗಿನಿಂದ ಮುಖ ಒರೆಸಿಕೊಂಡು ಆಮೇಲೆ ನನ್ನ ಕಡೆ ತಿರುಗಿದರು. “ಹಳೇ ಅರ್ಜಿನೇ ಬರೀರಿ. ಆದ್ರೆ ಈ ಸಲ ನಂಗೆ ಓದಿ ಹೇಳ್ರಿ.”

ಓದಿದೆ. ‘ವಯಸ್ಸು: ಮೂವತ್ತನಾಲ್ಕು’ ಎಂಬಲ್ಲಿ ಆಕೆ ಕೈ ಎತ್ತಿ ತಡೆದರು.

“ಹನ್ನೊಂದು ವರ್ಷದಿಂದ ಮೂವತ್ತನಾಲ್ಕೇನಾ? ನಲವತ್ತೈದು ಹಾಕ್ರಿ.”

ಹಾಕಿದೆ. ಮುಂದಿನ ಸಾಲು ಕೂದಲಿನದು, ಕಪ್ಪು ಎಂದಿತ್ತು. ನನ್ನ ಕಸುಬಿನಲ್ಲಿ ಮೊದಲ ಬಾರಿಗೆ, ನಮೂನೆಯಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಿದೆ: “ನರೆತಿರಬಹುದೇ? ಎಲ್ಲಿ ಮೊದಲು?”

ಆಕೆ ಕಣ್ಣು ಮುಚ್ಚಿ ಯೋಚಿಸಿದರು. “ಅವರ ಅಪ್ಪಂಗೆ ಕಿವಿ ಹತ್ರ ಮೊದ್ಲು ಬೆಳ್ಳಗಾಗಿತ್ತು. ಹಂಗೇ ಬರೀರಿ.”

ಬರೆದೆ. ಅಂಗಡಿಗಳಲ್ಲಿದ್ದ ಪುಸ್ತಕದ ಪ್ರತಿಗಳನ್ನು ವಾಪಸು ತಂದಿದ್ದೇನೆ. ಈಗ ಅರ್ಜಿಯೊಂದರ ನಡುವೆ, ಎದುರಿನ ರಸ್ತೆಯಲ್ಲಿ ಲಾರಿ ನಿಂತು ಚಾಲಕನು ಚಹಾಕ್ಕೆ ಇಳಿದರೆ, ನನ್ನ ಬೆರಳುಗಳು ಕೀಲಿಮಣೆಯ ಮೇಲೆ ನಿಲ್ಲುತ್ತವೆ. ಕಣ್ಣು ನೇರವಾಗಿ ಅವನ ಕಿವಿಯ ಬಳಿಯ ಕೂದಲಿಗೆ ಹೋಗುತ್ತದೆ.