ಮದ್ದಿಗೆ ಹಾಕಿದ ಕೊಸರು

ನನ್ನ ಮಾವ ಕೊಂಕಲ್ಲಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಬೆಲ್ಲವಿರಲಿ, ಬೇಳೆಯಿರಲಿ, ತಕ್ಕಡಿ ಸಮಕ್ಕೆ ನಿಂತ ಮೇಲೆ ಮೂರು ಬೆರಳಲ್ಲಿ ಒಂದಿಷ್ಟು ಎತ್ತಿ ಮೇಲೆ ಹಾಕದಿದ್ದರೆ ಅವರಿಗೆ ವ್ಯಾಪಾರ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಅದೇ ಕೊಸರು. ಗಿರಾಕಿ ಕೇಳಲಿ ಬಿಡಲಿ, ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು. ಊಟಕ್ಕೆ ಕೂತರೂ ಹಾಗೆಯೇ. ಹೊಟ್ಟೆ ತುಂಬಿದ ಮೇಲೆ "ಕೊಸರು ಎಲ್ಲೆವ್ವಾ?" ಎನ್ನುವರು, ನಾನು ರೊಟ್ಟಿಯ ಒಂದು ಚೂರು ಮುರಿದು ಹಾಕಿದರೇ ಏಳುವರು. ಹೊಸ ಸೊಸೆ ನಾನು, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ನಿಜಾಮನ ಆಳ್ವಿಕೆ ಇವತ್ತು ಹೋಗುತ್ತದೆ, ನಾಳೆ ಹೋಗುತ್ತದೆ ಎನ್ನುತ್ತಿದ್ದ ದಿನಗಳು ಅವು. ಗುಂಪು ಕಟ್ಟಿಕೊಂಡು ಬಂದವರು ಊರು ಸುಲಿಯುತ್ತಿದ್ದಾರೆಂದು ಸಂತೆಯಿಂದ ಬಂದವರೆಲ್ಲ ಹೇಳುತ್ತಿದ್ದರು. ನಮ್ಮೂರಿನ ಗಂಡಸರು ಹುಡೆಯ ಮೇಲೆ, ಅಂದರೆ ಹಿಂದಿನವರು ಕಾವಲಿಗೆ ಕಟ್ಟಿದ ಕಲ್ಲಿನ ಗೋಪುರದ ಮೇಲೆ, ಪಾಳಿ ಹಚ್ಚಿ ಕೂಡತೊಡಗಿದರು. ಕೈಯಲ್ಲಿ ಕವಣೆ, ಕೊಡಲಿ. ಇಡೀ ಊರಿಗೆ ಇದ್ದದ್ದು ಒಂದೇ ಪಿಸ್ತೂಲು. ಅದು ನಮ್ಮ ಮನೆಯದು, ಹಿರಿಯರ ಕಾಲದ್ದು. ಹಾಗಾಗಿ ಎಲ್ಲರಿಗಿಂತ ಮುಂದೆ ಕೂಡುವ ಪಾಳಿ ನನ್ನ ಗಂಡನಿಗೇ ಬಂತು. ಅವರು ಇಡಿಯಾಗಿ ಮನೆಗೆ ಬಂದರೆ ಸಾಕು ಎಂಬುದೊಂದೇ ನನಗಿದ್ದ ಆಸೆ. ಬೆಳಿಗ್ಗೆ ಯಾರೂ ನೋಡದ ಹೊತ್ತಿನಲ್ಲಿ ಅವರು ನನಗೆ ಜಡೆ ಹಾಕುತ್ತಿದ್ದರು. ಊರಿಗೆ ಗೊತ್ತಾದರೆ ನಗೆಪಾಟಲು, ಆದರೂ ಬಿಡುತ್ತಿರಲಿಲ್ಲ.

ಪಿಸ್ತೂಲೇನೋ ಇತ್ತು, ತೋಟಾ ಮುಗಿದಿತ್ತು. ಯಾದಗಿರಿಯಲ್ಲಿ ಕೇಳಿದರೆ ಕೇಳಿದವನನ್ನೇ ಹಿಡಿದುಕೊಂಡು ಹೋಗುವ ಕಾಲ. ಹಾರಿಸಿದ ತೋಟಾಗಳ ಹಿತ್ತಾಳೆ ಕೊಳವೆಗಳನ್ನು ಅತ್ತೆ ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ಅವನ್ನೇ ಮತ್ತೆ ತುಂಬಬೇಕೆಂದಾಯಿತು. ಯಾವ ಮದ್ದು ತುಂಬಬೇಕೆಂಬುದಕ್ಕೆ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು.

ನನ್ನ ತವರು ರಂಗಂಪೇಟೆ. ನಮ್ಮ ಓಣಿಯಲ್ಲೊಬ್ಬ ಪಟಾಕಿ ಮಾಡುವವನಿದ್ದ. ಅವನ ಕರಿ ಮದ್ದು ಸೋವಿ, ಬೇಕಾದಷ್ಟು ಸಿಗುತ್ತಿತ್ತು. ನಾನು ಅದನ್ನೇ ಹೇಳಿದೆ. ಆದರೆ ಅದನ್ನು ಕೊಳವೆಯ ಬಾಯಿಮಟ ತುಂಬಬೇಕು, ಹಸಿ ಕುಳ್ಳು ಉರಿದಂತೆ ಹೊಗೆ, ನಾಲ್ಕು ಸಲ ಹಾರಿಸುವುದರೊಳಗೆ ನಳಿಗೆ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಗುರುಮಠಕಲ್ಲಿನ ಒಬ್ಬ ಹಳೆಯ ಸಿಪಾಯಿ ಗಡಿಯಾಚೆಯಿಂದ ತಂದಿಟ್ಟುಕೊಂಡಿದ್ದ ಒಂದು ಡಬ್ಬಿ ಮದ್ದು. ಬಲು ತುಟ್ಟಿ.

"ಅಗ್ಗಕ್ಕ ಬಂದದ್ದು ಮುಗ್ಗಿದ ಜೋಳ," ಎಂದು ಮಾವ ನನ್ನ ಮಾತು ತಳ್ಳಿಹಾಕಿದರು. "ಕಲಬೆರಕಿ ಇಂಗು ಗಡ್ಡಿಗಟ್ಟಲೆ ಹಾಕಿದ್ರೂ ಸಾರಿಗೆ ಹತ್ತಂಗಿಲ್ಲ. ಖರೇ ಇಂಗು ಕಡ್ಡಿ ಮೊನಿಯಷ್ಟು ಸಾಕು. ಲೆಕ್ಕ ಹಾಕಿ ನೋಡು, ತುಟ್ಟೀದಽ ಸೋವಿ ಅದ."

ಲೆಕ್ಕ ಸರಿಯಿತ್ತು. ಅಲ್ಲಿ ಮಾವ ತಪ್ಪಲಿಲ್ಲ. ಸಿಪಾಯಿ ತಾನೇ ಡಬ್ಬಿ ತಂದುಕೊಟ್ಟ, ಜೊತೆಗೆ ಒಂದು ಪುಟ್ಟ ಹಿತ್ತಾಳೆ ಅಳತೆಯನ್ನೂ ಕೊಟ್ಟ.

"ಇದು ಪಟಾಕಿ ಮದ್ದಲ್ಲರಿ. ಇಷ್ಟಽ ಹಾಕ್ರಿ, ಬೆರಳಿಲೆ ಸಮ ಒರಸ್ರಿ. ಒಂದು ಚೂರು ಹೆಚ್ಚಾತಂದ್ರ ಪಿಸ್ತೂಲೇ ಒಡೀತದ."

"ತಕ್ಕಡಿ ಹಿಡಿದು ಕೂದಲು ಬೆಳ್ಳಗಾಗ್ಯಾವ, ನನಗ ಅಳತಿ ಕಲಿಸ್ತೀ?" ಎಂದರು ಮಾವ. ನಾವೆಲ್ಲ ನಕ್ಕೆವು.

ಪಡಸಾಲೆಯಲ್ಲಿ ಕೆಲಸ ನಡೆಯಿತು. ಮದ್ದು ಅಳೆಯುವುದು ಮಾವ, ಅದರ ಮೇಲೆ ಸೀಸದ ಗುಂಡು ಒತ್ತುವುದು ನನ್ನ ಗಂಡ. ಅವರು ತಲೆ ಬಗ್ಗಿಸಿ ಒತ್ತುತ್ತಿದ್ದರು. ಒಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಒಂದನ್ನು ಹಾರಿಸಿ ನೋಡೋಣವೆಂದು ಹುಡೆಯ ಹಿಂದೆ ಹೋದರು. ಗೋಡೆಯ ಮೇಲೆ ಒಡಕು ಗಡಿಗೆ ಇಟ್ಟಿದ್ದರಂತೆ. ಸದ್ದು ನನಗೆ ಮನೆಯಲ್ಲೇ ಕೇಳಿತು. ಆಮೇಲೆ ಜನ ಕೂಗಿಕೊಂಡರು. ಗಡಿಗೆಗೆ ಏನೂ ಆಗಿರಲಿಲ್ಲ. ಪಿಸ್ತೂಲು ನನ್ನ ಗಂಡನ ಕೈಯಲ್ಲೇ ಒಡೆದಿತ್ತು. ಎತ್ತಿನ ಗಾಡಿಯಲ್ಲಿ ಯಾದಗಿರಿಯ ದವಾಖಾನೆಗೆ ಒಯ್ದೆವು. ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು.

ಮನೆಗೆ ಕರೆತಂದ ಮೇಲೆ ನಾನು ಹಿತ್ತಲಲ್ಲಿ ರಕ್ತದ ಬಟ್ಟೆ ಒಗೆಯುತ್ತಿದ್ದಾಗ ಮಾವ ಬಂದು ನಿಂತರು.

"ಅಳತಿ ಸಮಾನಽ ಒರಸಿದ್ದೆನವ್ವಾ," ಎಂದರು. "ಮಗನ ಜೀವದ ಮಾತು, ಕಡಿಮಿ ಬೀಳಬಾರ್ದಂತ ಒಂದೊಂದು ಚಿಟಿಕಿ ಕೊಸರು ಹಾಕಿದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀರಿನ ಕೊಡ ಒದ್ದೆ, ಬಾಯಿಗೆ ಬಂದದ್ದು ಅಂದೆ. ಮಾವ ನಾನು ಅಂದಿದ್ದನ್ನೆಲ್ಲ ಅನ್ನಿಸಿಕೊಂಡು ಒಳಗೆ ಹೋಗಿ ಮಗನಿಗೂ ಕೊಸರಿನ ಮಾತು ಹೇಳಿದರು. ನನ್ನ ಗಂಡ ಗೋಡೆಯ ಕಡೆ ಹೊರಳಿ ಮಲಗಿದರು. ದ್ವೇಷದಿಂದ ಮಾಡಿದ್ದರೆ ದ್ವೇಷಿಸಬಹುದಿತ್ತು. ಪ್ರೀತಿಯಿಂದ ಮಾಡಿದ್ದನ್ನು ಏನು ಮಾಡುವುದು? ಆ ಸಿಟ್ಟು ಇವತ್ತಿಗೂ ನನ್ನಲ್ಲಿ ಹಾಗೆಯೇ ಇದೆ.

ಕೆಲವೇ ದಿನಗಳಲ್ಲಿ ದಿಲ್ಲಿಯ ಫೌಜು ಬಂತು, ನಿಜಾಮನ ರಾಜ್ಯ ಮುಗಿಯಿತು. ನಮ್ಮೂರ ಮೇಲೆ ಯಾರೂ ಬೀಳಲೇ ಇಲ್ಲ. ಹುಡೆಯ ಮೇಲೆ ಕೂತವರಿಗೆ ಮೇಯುವ ಕುರಿ ಬಿಟ್ಟರೆ ಏನೂ ಕಾಣಲಿಲ್ಲ. ಹೊಸ ಸರಕಾರದವರು ಹತಾರ ಒಪ್ಪಿಸಿರೆಂದು ಬಂದಾಗ ಮಾವ ಪಿಸ್ತೂಲಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಊರವರು ಬೆಲ್ಲ ಹಂಚಿದರು. ನಮ್ಮ ಮನೆಗೂ ಕಳಿಸಿದ್ದರು, ಯಾರೂ ಬಾಯಿಗೆ ಹಾಕಲಿಲ್ಲ.

ಅಂದಿನಿಂದ ಮಾವ ಕೊಸರು ಹಾಕುವುದನ್ನು ಬಿಟ್ಟರು. ಗಿರಾಕಿ ಕೇಳಿದರೆ ಕೈ ಚೀಲದವರೆಗೆ ಹೋಗಿ ಬರಿದೇ ಹಿಂದೆ ಬರುತ್ತಿತ್ತು. ಜನಕ್ಕೆ ಅದೆಲ್ಲ ಏನು ಗೊತ್ತು? ಎಂಜಲು ಕೈಯಲ್ಲಿ ಕಾಗೆ ಹೊಡೆಯದವರೆಂದು ಆಡಿಕೊಂಡು ಬೇರೆ ಅಂಗಡಿಗೆ ಹೋದರು. ನಮ್ಮ ಅಂಗಡಿ ಮುಚ್ಚಿತು. ನನ್ನ ಜಡೆ ನಾನೇ ಹಾಕಿಕೊಳ್ಳುತ್ತಿದ್ದೆ. ನನ್ನ ಗಂಡ ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಮಾವ ಹಾಸಿಗೆ ಹಿಡಿದರು. ಕೊನೆಯ ನೀರು ಮಗ ಬಿಡಬೇಕು, ಬಲಗೈಯಲ್ಲಿ ಬಿಡಬೇಕು. ಎಡಗೈ ಸಲ್ಲದೆಂದು ಬಂಧುಗಳು ಗುಣುಗುಟ್ಟಿದರು. ಇದ್ದದ್ದು ಅದೊಂದೇ. ನನ್ನ ಗಂಡ ಎಡಗೈಯಲ್ಲಿ ಚಮಚ ಹಿಡಿದು ನೀರು ಬಿಟ್ಟರು. ಮಾವ ನುಂಗಿದರು. ಆ ಮನೆಯಲ್ಲಿ ಬೆಳೆದ ಕೈಯಲ್ಲವೇ? ಇನ್ನರ್ಧ ಚಮಚ ತುಂಬಿ ಮತ್ತೆ ತುಟಿಗೆ ತಂದರು.

ಮಾವ ಕಣ್ಣು ಬಿಟ್ಟು ಆ ಕೈಯನ್ನೇ ನೋಡಿದರು.

"ಕೊಸರು ಬ್ಯಾಡಪ್ಪಾ," ಎಂದು ಬಾಯಿ ಮುಚ್ಚಿಕೊಂಡರು. ನೀರು ಗಲ್ಲದ ಮೇಲಿಂದ ದಿಂಬಿಗೆ ಇಳಿಯಿತು.