ಮೂರು ಸೀಟಿನ ಎಂಜಿನಿಯರ್

೧೧ ಮಾರ್ಚ್ ೨೦೦೬, ಶನಿವಾರ, ಬೆಳಗ್ಗೆ ಆರೂವರೆಗೆ ಬರೆಯಲು ಕೂತೆ.

ನಮ್ಮ ಎಣ್ಣೆ ಮಿಲ್ಲಿನ ಚಳ್ಳಕೆರೆ ಕಚೇರಿಯ ಲೆಕ್ಕದ ಪ್ರತಿ ಮೊಳಕಾಲ್ಮುರಿನ ಶಾಖೆಯಲ್ಲೂ ಇರಲೆಂದು ಕೇಬಲ್ ಹಾಕಿಸಿದ್ದರು. ಕೇಬಲ್‌ಗಳು ಬಂದು ಸೇರುವ ಎರಡೂ ಕಡೆಯ ಸ್ವಿಚ್ ಪೆಟ್ಟಿಗೆ ಹೊಂದಿಸಲು ಬಂದ ಎಂಜಿನಿಯರ್ ಬಸ್ಸಿನಲ್ಲಿ ಒಬ್ಬರೇ ಮೂರು ಸೀಟು ಹಿಡಿಯುತ್ತಿದ್ದರು: ಒಂದಕ್ಕೆ ಟವೆಲ್, ಒಂದಕ್ಕೆ ಬ್ಯಾಗು, ಒಂದಕ್ಕೆ ತಾವು. ಕೇಳಿದವರಿಗೆಲ್ಲ, "ದೂರದ್ದು ಕಣ್ರೀ, ಇರ್ಲಿ" ಎನ್ನುತ್ತಿದ್ದರು.

ದೂರಕ್ಕೆ ಕಳಿಸಿದ ಮಾಹಿತಿ ತಲುಪಿತೆಂಬ ಉತ್ತರ ಬರುವುದು ತಡ. ಅದಕ್ಕೇ ದೂರದ ಕೇಬಲ್ ಸಿಕ್ಕಿಸಿದ ಪೋರ್ಟಿಗೆ, ಅಂದರೆ ಕಿಂಡಿಗೆ, ಉತ್ತರ ಬರುವವರೆಗೆ ಮಾಹಿತಿ ಹಿಡಿದಿಡಲು ಸ್ವಿಚ್ಚಿನಲ್ಲಿ ಹೆಚ್ಚು ಜಾಗ ಕಾದಿರಿಸಬೇಕು. ಈ ಮಹಾಶಯರು ಮೊಳಕಾಲ್ಮುರು ಮದ್ರಾಸಿನಾಚೆ ಇದೆಯೆಂಬಂತೆ ಅದರಲ್ಲಿ ದೂರದ ಕಿಲೋಮೀಟರ್ ತುಂಬಿಸಿದರು. ಪಕ್ಕದ ಪೋರ್ಟುಗಳಿಗೆ ಜಾಗವೇ ಉಳಿಯಲಿಲ್ಲ.

ಮರುದಿನ ಅಂಥ ಒಂದು ಪೋರ್ಟಿಗೆ ಸಿಕ್ಕಿಸಿದ್ದ ಬಿಲ್ಲಿನ ಕಂಪ್ಯೂಟರ್ ಮಿಸುಕಲಿಲ್ಲ. ಶೇಂಗಾ ತಂದವರ ಸಾಲು ಗೇಟು ದಾಟಿತು.

"ಲೇ, ಶೇಂಗಾ ಮೊಳಕೆ ಒಡೆಯೋ ತಂಕ ಕಾಯ್ಬೇಕೇನೋ?" ಎಂದನೊಬ್ಬ.

"ನನ್ ಬಸ್ಸು ಹೋತದಪ್ಪಾ, ಮನೇಲಿ ಕುರಿಗೆ ನೀರು ಕುಡ್ಸೋರಿಲ್ಲ" ಎಂದರು ದೇವಸಮುದ್ರದ ಅಜ್ಜಿ.

ಬಿಲ್ಲು ಮಾಡುವ ಅಕ್ಕ ಎಂಜಿನಿಯರಿಗೆ, "ಸಾರ್, ಮೊಳಕಾಲ್ಮುರಿಗೆ ಅಷ್ಟೊಂದು ಜಾಗ ಯಾಕ್ರಿ?" ಎಂದು ಎಲ್ಲರೆದುರೇ ಕೇಳಿದರು.

"ದೂರದ್ದು ಕಣ್ರೀ, ಇರ್ಲಿ."

ಮಾಲೀಕರು ಬೈದ ಮೇಲಷ್ಟೇ ಅವರು ದೂರದ ಅಂಕಿ ಇಳಿಸಿದರು. ಬಿಲ್ಲು ಬಂತು, ಅಜ್ಜಿಯ ಬಸ್ಸು ಹೋಗಿತ್ತು.

ಮೊಳಕಾಲ್ಮುರಿನ ಸ್ವಿಚ್ಚೂ ಸರಿಪಡಿಸಬೇಕಿತ್ತು. ಸಂಜೆಯ ಬಸ್ಸಿಗೆ ಅವರ ಜೊತೆ ನಾನೂ ಹತ್ತಿದೆ. ಮತ್ತೆ ಮೂರು ಸೀಟು. ಹಿಂದಿನಿಂದ ಬಂದ ದೇವಸಮುದ್ರದ ಅದೇ ಅಜ್ಜಿ ಟವೆಲ್ ಮೇಲೇ ಕೂತರು.

"ಮೊಳಕಾಲ್ಮುರು ಅಷ್ಟೇನ್ ದೂರ ಇಲ್ಲ ಬಿಡಪ್ಪಾ. ಸರ್ಕೋ."

ಅವರು ಸರಿದರು. ಆ ಕೆಲಸ ಮುಗಿದ ಮೇಲೆ ನಾನು ಅವರನ್ನು ಕಂಡಿಲ್ಲ. ಈಗ ಎಷ್ಟು ಸೀಟು ಹಿಡಿಯುತ್ತಾರೆಂದು ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ನನ್ನ ಎಣಿಕೆ ಎರಡಕ್ಕೆ ನಿಂತಿದೆ.