ಪೇಪರ್ ಕಾರಿನ ಟೈಮಿಂಗ್

ಭಾವ ಲಾರಿ ಬಿಟ್ಟು ಕಾರು ಕೊಂಡದ್ದು ಅಕ್ಕನ ಹಟಕ್ಕೆ. ಅದಕ್ಕೂ ಮೊದಲು ಅವರು ಜಗಳೂರಿನ ಮಾಲೀಕರೊಬ್ಬರ ಲಾರಿ ಓಡಿಸುತ್ತಿದ್ದರು. ಶೇಂಗಾ ತುಂಬಿಕೊಂಡು ಬೊಂಬಾಯಿ ಕಡೆ ಹೊರಟರೆ ಚನ್ನಗಿರಿಯ ಮನೆಗೆ ಮರಳುವುದು ಯಾವಾಗ ಎಂಬುದು ಅವರಿಗೇ ಗೊತ್ತಿರುತ್ತಿರಲಿಲ್ಲ. ಒಮ್ಮೆ ಹಾಗೆ ಬಂದಾಗ ಮಗಳು ಒಳಗಿನಿಂದ ನೆಂಟರಿಗೆಂದು ಸುತ್ತಿಟ್ಟಿದ್ದ ಹೊಸ ಚಾಪೆ ತಂದು ಅಪ್ಪನಿಗೆ ಹಾಸಿದಳು. ಭಾವ ನಕ್ಕರು. ಅಕ್ಕ ನಗಲಿಲ್ಲ. ಇನ್ನು ಲಾರಿ ಸಾಕು ಎಂದು ಅವತ್ತೇ ಹೇಳಿದಳು.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ಜಗಳೂರಿನಿಂದ ದಾವಣಗೆರೆಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಗೆ ಪತ್ರಿಕೆಯ ಬಂಡಲುಗಳು ಬಸ್ಸಿನ ಟಾಪಿನ ಮೇಲೆ ಹೋಗುತ್ತಿದ್ದವು. ಬಸ್ಸು ಕೆಟ್ಟರೆ, ಟಾಪಿನ ಮೇಲೆ ಬಾಳೆಗೊನೆ ತುಂಬಿದ್ದರೆ ಬಂಡಲು ಅಲ್ಲೇ ಉಳಿಯುತ್ತಿತ್ತು. ಮ್ಯಾನೇಜರು ಒಂದು ಗಾಡಿ ಹುಡುಕುತ್ತಿದ್ದರು. ನಾನು ಭಾವನ ವಿಷಯ ಹೇಳಿದೆ. ಭಾವ ಹಿಂದಿನ ಸೀಟು ಕಿತ್ತ ಹಳೆಯ ಕಾರಿನೊಂದಿಗೆ ಬಂದು ನಿಂತರು. ಮ್ಯಾನೇಜರು ಕಾರನ್ನು ಒಂದು ಸುತ್ತು ನೋಡಿ ಹೇಳಿದರು: "ಸಂಕ್ರಾಂತಿವರೆಗೆ ಓಡ್ಸಿ. ಟೈಮಿಗೆ ಮುಟ್ಟಿಸಿದ್ರೆ ಲೈನ್ ನಿಮ್ದು. ಇಲ್ಲಾಂದ್ರೆ ನಮಗೆ ಬಸ್ಸೇ ಗತಿ."

ಲಾರಿಯ ಮಾಲೀಕರೂ ಅದೇ ಗಡುವು ಹೇಳಿ ಕಳಿಸಿದ್ದರು. ಸಂಕ್ರಾಂತಿವರೆಗೆ ಸ್ಟೇರಿಂಗಿಗೆ ಬದಲಿ ಆಳು ಇರುತ್ತಾನೆ, ಆಮೇಲೆ ನೀನು ಬರುತ್ತೀಯೋ ಇಲ್ಲವೋ ತಿಳಿಸು ಎಂದು. ಹೀಗಾಗಿ ಅಕ್ಕನ ಮನೆಯಲ್ಲಿ ಆ ವರ್ಷದ ಸಂಕ್ರಾಂತಿ ಎಳ್ಳುಬೆಲ್ಲದ ಹಬ್ಬವಾಗಿ ಉಳಿಯಲಿಲ್ಲ.

ಭಾವ ಸಂಜೆ ದಾವಣಗೆರೆಗೆ ಹೋಗಿ ಪ್ರೆಸ್ಸಿನ ಅಂಗಳದಲ್ಲಿ ಮಲಗುವರು. ಬೆಳಕು ಹರಿಯುವ ಮೊದಲೇ ಬಂಡಲು ತುಂಬಿಕೊಂಡು ಹೊರಟು, ಒಂದೊಂದೇ ಊರಿನಲ್ಲಿ ಇಳಿಸುತ್ತ ನ್ಯಾಮತಿ ಮುಟ್ಟಿ, ಮಧ್ಯಾಹ್ನ ಮನೆಗೆ ಬಂದು ಉಣ್ಣುವರು. ದೀಪಾವಳಿಯ ಹೊತ್ತಿಗೆ ಚಳಿ ಬಿತ್ತು. ಕಾರು ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಭಾವ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿ ಸೋತು, ಕಿಡಿ ಹಾರಿಸುವ ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ತಿರುಗಿಸುವರು. ದಾವಣಗೆರೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯವನೊಬ್ಬ ಇದಕ್ಕೆ ಹೊಸ ಮದ್ದು ತೋರಿಸಿದ. ಎಲೆಕ್ಟ್ರಾನಿಕ್ ಇಗ್ನಿಷನ್. ಪಾಯಿಂಟಿನ ಜಾಗದಲ್ಲಿ ಕೂರುವ ಒಂದು ಚಿಕ್ಕ ಭಾಗ, ಅದರಿಂದ ತಂತಿ ಎಳೆದು ಬಾನೆಟ್ಟಿನ ಒಳಗೆ ಬಿಗಿಯುವ ಒಂದು ಬೆಳ್ಳಿಬಣ್ಣದ ಡಬ್ಬಿ.

"ಪಾಯಿಂಟೇ ಇಲ್ಲ ಅಂದ್ಮೇಲೆ ಉಜ್ಜೋದೇನ್ರಿ ಯಜಮಾನ್ರೇ? ಸವೆಯಂಗಿಲ್ಲ, ಕೈಕೊಡಂಗಿಲ್ಲ. ಒಂದ್ಸಲ ಟೈಮಿಂಗ್ ಕೂರಿಸಿದ್ರೆ ಮುಗೀತು" ಅಂದ.

ಅದನ್ನು ಕೂರಿಸಿದ ದಿನ ನಾನು ಸುದ್ದಿ ಕೊಡಲು ದಾವಣಗೆರೆಗೆ ಹೋಗಿದ್ದೆ. ಟೈಮಿಂಗ್ ಎಂದರೆ ಇಷ್ಟೇ: ಎಂಜಿನ್ನಿನೊಳಗೆ ಪಿಸ್ಟನ್ ಮೇಲಿನ ತುದಿ ಮುಟ್ಟುವ ತುಸು ಮುಂಚೆ ಕಿಡಿ ಹಾರಬೇಕು. ತಡವಾಗಿ ಹಾರಿದರೆ ಪೆಟ್ರೋಲಿನ ಬಲ ಚಕ್ರಕ್ಕೆ ಹೋಗದೆ ಸೈಲೆನ್ಸರಿಗೆ ಬಿಸಿಯಾಗಿ ಹೋಗುತ್ತದೆ. ಕಿಡಿಯನ್ನು ನಾಲ್ಕು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಹೊತ್ತು ಸರಿಪಡಿಸುತ್ತಾರೆ. ಸರಿ ಬಂತೇ ಎಂದು ತಿಳಿಯಲು ಎಂಜಿನ್ನಿನ ಮುಂದೆ ಬೆಲ್ಟು ತಿರುಗಿಸುವ ಪುಲ್ಲಿಯ ಮೇಲೆ ಒಂದು ಗುರುತು, ಅದರ ಪಕ್ಕದಲ್ಲಿ ಅಲುಗಾಡದ ಒಂದು ಮುಳ್ಳು ಇರುತ್ತವೆ. ಕಿಡಿ ಹಾರಿದಾಗಲೆಲ್ಲ ಮಿಂಚುವ ಒಂದು ಲೈಟನ್ನು ಅಲ್ಲಿಗೆ ಹಿಡಿಯಬೇಕು.

ಬಿಸಿಲಿನಲ್ಲಿ ಆ ಮಿಂಚು ಕಾಣಲಿಲ್ಲ. ಅಂಗಡಿಯವ ಭಾವನ ಕಂಬಳಿ ತರಿಸಿ ಬಾನೆಟ್ಟಿನ ಮೇಲೆ ಹೊದಿಸಿ ತಲೆ ಒಳಗೆ ತೂರಿಸಿದ. ಒಳಗಿನಿಂದಲೇ ಕೂಗಿದ: "ಬರ್ರಿ ಪೇಪರ್‌ನೋರೇ, ನೀವೂ ನೋಡ್ರಿ. ನಾಳೆ ಬರೆಯಾಕಾದ್ರೂ ಆಗ್ತೈತೆ."

ನಾನೂ ತಲೆ ಹಾಕಿದೆ. ಎಣ್ಣೆಯ ಬಿಸಿ ವಾಸನೆ. ಬೆಲ್ಟು ಓಡುತ್ತಿತ್ತು, ಫ್ಯಾನು ಗಾಳಿ ಎರಚುತ್ತಿತ್ತು. ಆದರೆ ಮಿಂಚಿನ ಬೆಳಕಿನಲ್ಲಿ ಪುಲ್ಲಿಯ ಅಂಚಿನ ಮೂರು ಬಿಳಿ ಗೆರೆಗಳು ಗಾಳಿಯಲ್ಲಿ ನಿಂತೇಬಿಟ್ಟಿದ್ದವು. ತಿರುಗುವ ವಸ್ತು ಹಾಗೆ ನಿಂತಂತೆ ಕಾಣುವುದನ್ನು ನಾನು ಮೊದಲ ಸಲ ನೋಡಿದ್ದು.

"ಕಂಪನಿ ಗುರುತು ಎಷ್ಟು ಚೊಕ್ಕ ಐತೆ ನೋಡ್ರಿ. ಆಕಡೆ ಈಕಡೆದು ಮೇರೆ, ನಡುವಿಂದೇ ಸರಿಯಾದ್ದು" ಎಂದು ಅಂಗಡಿಯವ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ನಡುವಿನ ಗೆರೆಯನ್ನು ಮುಳ್ಳಿಗೆ ಎದುರು ತಂದ. ಬೋಲ್ಟು ಬಿಗಿದು ಅದರ ಮೇಲೆ ಕೆಂಪು ಬಣ್ಣದ ಸೀಲು ಹಚ್ಚಿದ. "ಇದಕ್ಕೆ ಯಾರೂ ಕೈ ಹಚ್ಚಂಗಿಲ್ಲ. ಹಚ್ಚಿದ್ರೋ, ಗ್ಯಾರಂಟಿ ಹೋತು."

ಕಾರು ಮಾರನೆಯ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಷ್ಟೇ. ಬಂಡಲು ತುಂಬಿ ಹೊರಟರೆ ದಿಬ್ಬ ಹತ್ತಲು ಒಲ್ಲದು. ಸಂತೇಬೆನ್ನೂರು ದಾಟುವುದರೊಳಗೆ ರೇಡಿಯೇಟರ್ ಕುದಿಯುವುದು. ಭಾವ ರಸ್ತೆಪಕ್ಕದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಬಿಸಿ ಆರುವವರೆಗೆ ಕಾರಿನ ಸುತ್ತ ನಡೆಯುವರು. ಕೂರಲು ಅವರಿಂದ ಆಗುತ್ತಿರಲಿಲ್ಲ. ಸೈಲೆನ್ಸರ್ ಚಟಪಟ ಎನ್ನುವುದು. ಪತ್ರಿಕೆ ಹೊನ್ನಾಳಿ ಮುಟ್ಟುವ ಹೊತ್ತಿಗೆ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡನೇ ಸುತ್ತಿನ ಚಹಾ ಮುಗಿದಿರುತ್ತಿತ್ತು. ನ್ಯಾಮತಿಯಲ್ಲಿ ಅಡಿಕೆ ಧಾರಣೆ ನೋಡಲು ಕಾದವರು ಎದ್ದು ಹೋಗಿರುತ್ತಿದ್ದರು. ಅಲ್ಲಿನ ಏಜೆಂಟರ ಬಾಯಿ ಖಾರ. "ಬರ್ರಿ ಡ್ರೈವರ್ ಸಾಹೇಬ್ರೇ. ಇವತ್ತಿನ ಪೇಪರೋ, ನಿನ್ನೇದೋ? ಸುದ್ದಿ ಹಳಸ್ಲಿಕ್ಕೆ ಹತ್ತೈತೆ, ಒಗ್ಗರಣೆ ಹಾಕಿ ಕೊಡ್ರಿ" ಅನ್ನುವರು.

ಭಾವ ಹೊನ್ನಾಳಿಯ ಒಬ್ಬ ಹಳೆಯ ಗ್ಯಾರೇಜ್ ಮೇಸ್ತ್ರಿಯ ಹತ್ತಿರ ಹೋದರು. ಆ ದಿನ ನಾನೂ ಜೊತೆಗಿದ್ದೆ. ಮೇಸ್ತ್ರಿ ಡಬ್ಬಿಯನ್ನು ಬೆರಳಿನಿಂದ ಮುಟ್ಟಿ ಕೈ ಹಿಂದೆಗೆದುಕೊಂಡರು.

"ಡಬ್ಬಿಗೆ ಬಿಸಿ ಹತ್ತೈತಣ್ಣ. ಬಿಸಿ ಹತ್ತಿದ್ರೆ ಲೆಕ್ಕ ತಪ್ತೈತೆ ಇದು. ತಲೆ ತಿರುಗ್ತೈತೆ ಅದಕ್ಕೆ."

"ಡಬ್ಬೀಗೆ ತಲೆ ಎಲ್ಲೈತೆ ಸಾಬ್ರೇ?" ಅಂದರು ಭಾವ.

"ಇಲ್ದೇ ಇದ್ರೆ ಇಷ್ಟು ದುಬಾರಿ ಯಾಕಿರ್ತಿತ್ತು?"

ಸೀಲು ಒಡೆಯಲು ಭಾವ ಹಿಂದೆಮುಂದೆ ನೋಡಿದರು. ಮೇಸ್ತ್ರಿ ಅದಾಗಲೇ ಒಡೆದಿದ್ದರು. ಒಂದು ಕೈ ಮಡ್‌ಗಾರ್ಡಿನ ಮೇಲಿಟ್ಟು, ಕಿವಿ ಎಂಜಿನ್ನಿಗೆ ಕೊಟ್ಟು, ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತ ಹೋದರು. ಎಂಜಿನ್ನಿನ ಸದ್ದು ಹಗುರಾಯಿತು. ಬೋಲ್ಟು ಬಿಗಿದು, ಡಬ್ಬಿಗೆ ಒದ್ದೆ ಗೋಣಿಚೀಲದ ತುಂಡು ಸುತ್ತಿದರು. ಆಮೇಲೆ ಕಾರು ಹಕ್ಕಿಯಂತೆ ಹೋಯಿತು. ಕಾರಣ ಗೋಣಿಯೇ ಎಂದು ಭಾವ ನಂಬಿದರು. ದಾರಿಯಲ್ಲಿ ನೀರು ಕಂಡಲ್ಲೆಲ್ಲ ನಿಲ್ಲಿಸಿ ಅದನ್ನು ನೆನೆಸಿಕೊಂಡರು.

ವಾರ ಕಳೆಯುವುದರಲ್ಲಿ ಡಬ್ಬಿಯ ತಂತಿಯೊಂದು ಸಡಿಲವಾಯಿತು. ದಾವಣಗೆರೆಯ ಅಂಗಡಿಗೇ ಹೋಗಬೇಕಾಯಿತು. ಗೋಣಿ ನೋಡಿ ಅಂಗಡಿಯವ ತಲೆ ಮೇಲೆ ಕೈ ಹೊತ್ತ. "ಕರೆಂಟಿನ ಡಬ್ಬೀಗೆ ನೀರು ಹೊಯ್ದಾರಲ್ರೀ! ಎಮ್ಮೆ ಏನ್ರಿ ಇದು, ಮೈ ತೊಳೆಸಾಕೆ?" ಸೀಲು ಒಡೆದದ್ದು ನೋಡಿ ಇನ್ನೂ ಸಿಟ್ಟಾದ. ತಂತಿ ಸರಿಮಾಡಿ, ಮತ್ತೆ ಕಂಬಳಿ ಹೊದ್ದು, ಮತ್ತೆ ಲೈಟು ಹಿಡಿದ. "ನೋಡ್ರಿ, ಗೆರೆ ಎಲ್ಲಿಗೆ ಹೋಗೈತೆ! ನಿಮ್ಮ ಮೇಸ್ತ್ರಿ ಕಿವಿ ನಂಬಿ ಎಂಜಿನ್ ಸುಟ್ಕೋತಿದ್ರಿ." ನಡುವಿನ ಗೆರೆ ಮುಳ್ಳಿಗೆ ಬಂತು. ಸೀಲು ಬಿತ್ತು. ಮಾರನೆಯ ದಿನ ಕಾರು ಸಂತೇಬೆನ್ನೂರಿನಲ್ಲಿ ಕುದಿಯಿತು.

ಮತ್ತೆ ಹೊನ್ನಾಳಿ. ಮತ್ತೆ ದಾವಣಗೆರೆ. ಕಿವಿ ಹೇಳಿದಂತೆ ತಿರುಗಿಸಿದರೆ ಕಾರು ಓಡುತ್ತಿತ್ತು, ಆದರೆ ಎಂಜಿನ್ ಸುಡುತ್ತದೆ ಎಂಬ ಹೆದರಿಕೆ. ಲೈಟು ಹೇಳಿದಂತೆ ತಿರುಗಿಸಿದರೆ ಗ್ಯಾರಂಟಿ ಇರುತ್ತಿತ್ತು, ಕಾರು ಓಡುತ್ತಿರಲಿಲ್ಲ. ಭಾವ ಮಾತು ಕಡಿಮೆ ಮಾಡಿದರು. ಮನೆಗೆ ಬಂದರೂ ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತು ಮತ್ತೆ ಕಾರಿನ ಕಡೆಗೆ ಹೋಗುವರು. ಒಂದು ದಿನ ಊಟಕ್ಕೆ ಕೂತವರು ತಮ್ಮಷ್ಟಕ್ಕೆ ಅಂದರು: "ಲಾರೀದು ಡೀಸೆಲ್ ಎಂಜಿನ್ನು. ಅದಕ್ಕೆ ಕಿಡೀನೇ ಬ್ಯಾಡ."

ಅಕ್ಕ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಸಂಕ್ರಾಂತಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಒಂದೇ ಘಟನೆಯನ್ನು ಇಬ್ಬರು ಎರಡು ಬಗೆಯಾಗಿ ಹೇಳಿದಾಗ ಮೂರನೆಯವರನ್ನು ಕೇಳಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ನಾನು ಜಗಳೂರಿನಲ್ಲಿ ಕೊಳವೆಬಾವಿಯ ಎಂಜಿನ್ನುಗಳನ್ನು ರಿಪೇರಿ ಮಾಡುವವನನ್ನು ಕೇಳಿದೆ. ಅವನು ಡಬ್ಬಿಯನ್ನು ಕಂಡೇ ಇರಲಿಲ್ಲ. ಬಿಳಿಚೋಡಿನಲ್ಲಿ ಸಿಕ್ಕ ಜೀಪಿನ ಡ್ರೈವರೊಬ್ಬ ಡಬ್ಬಿ ಕಿತ್ತು ಬಾವಿಗೆ ಹಾಕಿ ಎಂದ. ಇಬ್ಬರಿಂದಲೂ ಪ್ರಯೋಜನವಾಗಲಿಲ್ಲ. ಅಂಗಡಿಯವ ಸುಳ್ಳು ಹೇಳುತ್ತಿರಲಿಲ್ಲ, ಗೆರೆ ಮುಳ್ಳಿಗೆ ಬಂದದ್ದನ್ನು ನಾನೇ ಕಂಡಿದ್ದೆ. ಮೇಸ್ತ್ರಿಯೂ ಸುಳ್ಳು ಹೇಳುತ್ತಿರಲಿಲ್ಲ, ಓಡಿದ ಕಾರಿನಲ್ಲಿ ನಾನೇ ಕೂತಿದ್ದೆ.

ಮುಂದಿನ ಸಲ ಚನ್ನಗಿರಿಗೆ ಹೋದಾಗ ಭಾವ ನಿದ್ದೆಯಲ್ಲಿದ್ದರು. ಅಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಕೇಳಿದಳು: "ಅದೇನೋ ಲೈಟು ಹಿಡೀತಾರಂತಲ್ಲ, ಏನು ಕಾಣ್ತೈತೋ ಅದರಾಗೆ?"

ನಾನು ಹೇಳಿದೆ. ಪುಲ್ಲಿ ತಿರುಗುತ್ತಿದ್ದರೂ ಬಿಳಿ ಗೆರೆ ನಿಂತಂತೆ ಕಾಣುತ್ತದೆ, ಮೂರರಲ್ಲಿ ನಡುವಿನದನ್ನು ಮುಳ್ಳಿಗೆ ತರುತ್ತಾರೆ ಎಂದು.

"ಯಾವ ಬಿಳೀ ಗೆರೆ?"

"ಕಂಪನಿ ಗುರುತು. ಮುಂದೆ ಕೆಳಗೆ ಒಂದು ಗಾಲಿ ತಿರುಗ್ತೈತಲ್ಲ, ಅದರ ಅಂಚಿಗೆ."

ಅಕ್ಕನ ಕೈಯಲ್ಲಿದ್ದ ತೆಂಗಿನ ನಾರು ಬೋಗುಣಿಯೊಳಗೆ ಬಿತ್ತು. "ಅಯ್ಯೋ ಶಿವನೇ! ಅದು ನಾನಿಟ್ಟ ವಿಭೂತಿ ಕಣೋ!"

ಆಯುಧಪೂಜೆಯ ದಿನ ಅವಳು ಕಾರಿನ ಪ್ರತಿ ಭಾಗಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದಳು. ಭಾವ ಕಾರು ಸ್ಟಾರ್ಟ್ ಮಾಡಿದ್ದೇ ಫ್ಯಾನಿನ ಗಾಳಿಗೆ ಮುಂಭಾಗದ್ದೆಲ್ಲ ಹಾರಿಹೋಯಿತು. ಮೊದಲ ಪೂಜೆಗೇ ಹೀಗಾಯಿತಲ್ಲ ಎಂದು ಅವಳಿಗೆ ಮನಸ್ಸು ಚುಚ್ಚಿತು. ನಂಬರ್ ಪ್ಲೇಟ್ ಬರೆಸಿ ಉಳಿದಿದ್ದ ಬಿಳಿ ಬಣ್ಣ ಮನೆಯಲ್ಲಿತ್ತು. ಯಾರಿಗೂ ಹೇಳದೆ ಅದರಲ್ಲಿ ಬೆರಳದ್ದಿ, ಬಗ್ಗಿ, ಕೈ ಮುಟ್ಟಿದ ದುಂಡನೆಯ ಕಬ್ಬಿಣಕ್ಕೆ ಮೂರು ಗೆರೆ ಎಳೆದಿದ್ದಳು.

ಅವಳು ಕೈ ತೊಳೆಯಲೂ ಇಲ್ಲ. ಬೂದಿ ಕೈಯಲ್ಲೇ ಒಳಗೆ ಹೋಗಿ ಭಾವನ ಭುಜ ಅಲ್ಲಾಡಿಸಿದಳು. "ಏಳ್ರಿ, ಏಳ್ರಿ. ಡಬ್ಬೀದೂ ತಪ್ಪಲ್ಲ, ಸಾಬ್ರದೂ ತಪ್ಪಲ್ಲ. ತಪ್ಪು ನಂದು."

ಭಾವ ಎದ್ದು ಕೂತು ಅವಳನ್ನೇ ನೋಡಿದರು. ಪೂರ್ತಿ ಕೇಳಿದ ಮೇಲೆ ಬೈಯುತ್ತಾರೆ ಅಂದುಕೊಂಡೆ. ಅವರು ಚಿಂದಿ ಬಟ್ಟೆಗೆ ಸೀಮೆಎಣ್ಣೆ ಸುರಿದುಕೊಂಡು ಹೊರಗೆ ನಡೆದರು. ನಾನು ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದೆ. ಅವರು ಕಾರಿನ ಕೆಳಗೆ ಮಲಗಿ ಪುಲ್ಲಿಯ ಜಿಡ್ಡು ತಿಕ್ಕಿದರು. ಬಿಳಿ ಗೆರೆಗಳಿಂದ ಒಂದು ಬೆರಳಿನಷ್ಟು ಆಚೆ, ಎಣ್ಣೆಗೂಡಿದ ಮಣ್ಣಿನಡಿ, ಉಗುರಿಗೆ ಸಿಕ್ಕುವಂಥ ಒಂದು ಸಣ್ಣ ಕಚ್ಚು ಇತ್ತು. ಕಂಪನಿಯವರು ಹಾಕಿದ ಗುರುತು ಅದು. ಅಷ್ಟು ದೂರದ ತಪ್ಪಿಗೆ ಕಿಡಿ ಪ್ರತಿಸಲವೂ ತಡವಾಗಿ ಹಾರುತ್ತಿತ್ತು. ಅಕ್ಕ ಎಲೆಚೀಲದಿಂದ ಸುಣ್ಣ ತಂದು ಕೊಟ್ಟಳು. ಭಾವ ಅದನ್ನು ಕಚ್ಚಿನೊಳಗೆ ತುಂಬಿ, ಬಿಳಿ ಬಣ್ಣವನ್ನೆಲ್ಲ ಚಾಕುವಿನಿಂದ ಹೆರೆದರು.

ಅವತ್ತು ಸಂಜೆ ಅಕ್ಕ ತಾನೂ ದಾವಣಗೆರೆಗೆ ಬರುತ್ತೇನೆಂದು ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಅಂಗಡಿಯವ ಕಂಬಳಿಯೊಳಗಿನಿಂದ ತಲೆ ಹೊರಗೆ ತೆಗೆದ. "ಗೆರೆ ಎಲ್ಲಿ ಹೋದ್ವು?"

ಭಾವ ಹೇಳಿದರು. ಅವನು ಲೈಟನ್ನು ಕೆಳಗಿಟ್ಟ. ಆಮೇಲೆ ಅಕ್ಕನ ಕಡೆ ತಿರುಗಿದ. "ವಿಭೂತಿ ಇಡ್ರಿ ತಾಯಿ, ಬ್ಯಾಡ ಅನ್ನಂಗಿಲ್ಲ. ಪುಲ್ಲಿಗೆ ಯಾಕಿಟ್ರಿ?"

"ದೇವ್ರಿಗೆ ಅಂತ ಇಟ್ಟಿದ್ದಪ್ಪ, ನಿನಗಲ್ಲ. ಕಂಪನಿಯೋರು ವಿಭೂತಿ ಹಚ್ಚಿ ಕಳಿಸ್ತಾರೇನು? ಮೂರು ಗೆರೆ ನೋಡಿದ್ಮೇಲಾದ್ರೂ ಗೊತ್ತಾಗಬ್ಯಾಡ್ವಾ?"

ಕಂಬಳಿಯ ಸುತ್ತ ನಿಂತವರೆಲ್ಲ ನಕ್ಕರು. ಅವನೂ ನಕ್ಕ. ಸುಣ್ಣದ ಗುರುತು ಮುಳ್ಳಿಗೆ ಬಂದಾಗ ಎಂಜಿನ್ನಿನ ಸದ್ದು ಹೊನ್ನಾಳಿಯಲ್ಲಿ ಕೇಳಿದಷ್ಟೇ ಹಗುರಾಗಿತ್ತು. ಅಕ್ಕನೂ ಒಮ್ಮೆ ಕಂಬಳಿಯೊಳಗೆ ತಲೆ ಹಾಕಿ ನೋಡಿ ಬಂದಳು.

ಉಳಿದ ದಿನಗಳಲ್ಲಿ ಕಾರು ಎಲ್ಲೂ ನಿಲ್ಲಲಿಲ್ಲ. ಆದರೆ ಅದಕ್ಕೂ ಹಿಂದಿನ ವಾರಗಳು ಮ್ಯಾನೇಜರಿಗೆ ಮರೆತಿರಲಿಲ್ಲ. ನನ್ನನ್ನು ಕರೆಸಿ, "ಅರ್ಧ ಕೆಟ್ಟದ್ದು, ಅರ್ಧ ಒಳ್ಳೇದು. ಯಾವುದನ್ನ ನಂಬ್ಲಿ?" ಎಂದು ಕೇಳಿದರು. ನಾನು ಸಂಬಂಧಿಕ, ಏಜೆಂಟರನ್ನು ಕೇಳಿ ಎಂದೆ. ನ್ಯಾಮತಿಯ ಏಜೆಂಟರು ಬಸ್ಸಿನಲ್ಲಿ ಬಂದ ಒದ್ದೆ ಬಂಡಲುಗಳ ನೆನಪು ಹೇಳಿ, "ಆ ಡ್ರೈವರ್ ಸಾಹೇಬ್ರನ್ನೇ ಇಟ್ಕೊಳ್ರಿ. ಬೈದ್ರೆ ಬೈಸ್ಕೊಂತಾರೆ, ಬಸ್ಸಿಗೆ ಬೈಯಾಕಾಗ್ತೈತೇನು?" ಅಂದರಂತೆ. ಲೈನು ಭಾವನದಾಯಿತು.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ನಾನು ಅಕ್ಕನ ಮನೆಯಲ್ಲಿದ್ದಾಗ ಮಧ್ಯಾಹ್ನ ಬಾಗಿಲಲ್ಲಿ ಲಾರಿಯೊಂದು ಬಂದು ನಿಂತಿತು. ಎಂಜಿನ್ ಆರಿಸದೆ ಮಾಲೀಕರು ಇಳಿದು ಬಂದರು. ಬದಲಿ ಆಳು ಕೈಕೊಟ್ಟಿದ್ದ.

"ಎಲ್ಲಿ ತಾಯಿ ನಮ್ಮ ಡ್ರೈವರ್ರು?"

"ಮಲಗ್ಯಾರ್ರೀ. ಪೇಪರ್ ಲೈನಿನೋರು, ಈ ಹೊತ್ತಿನಾಗೆ ಎಬ್ಬಿಸಾಕೆ ಬರಂಗಿಲ್ಲ. ಚಹಾ ಕುಡಿದು ಹೋಗ್ರಿ" ಅಂದಳು ಅಕ್ಕ. ಬಾಗಿಲಿನಿಂದ ಮಾತ್ರ ಸರಿಯಲಿಲ್ಲ.

ಮಾಲೀಕರು ಚಹಾ ಬೇಡವೆಂದು ಹೊರಟರು. ನಾನು ಒಳಗೆ ಹೋದೆ. ಭಾವ ಚಾಪೆಯ ಮೇಲೆ ಅಂಗಾತ ಮಲಗಿದ್ದರು, ಕಣ್ಣು ತೆರೆದೇ ಇತ್ತು. ಲಾರಿ ಗೇರು ಹಾಕಿ, ತಿರುವಿನಲ್ಲಿ ಇನ್ನೊಂದು ಗೇರು ಬದಲಿಸಿ, ಸದ್ದು ಕೇಳದಾಗುವವರೆಗೂ ಅವರು ಕದಲಲಿಲ್ಲ. ಆಮೇಲೆ ಗೋಡೆಯ ಕಡೆ ಹೊರಳಿದರು.

"ನಾಕು ಗಂಟೆಗೆ ಎಬ್ಬಿಸಾಕೆ ಹೇಳು ನಿಮ್ಮಕ್ಕಗೆ" ಅಂದರು.